ಏಡಿಯ ಹೆಸರು

(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮೆಟ್ರಿಕ್‌ವರೆಗೆ ಮಾತ್ರ ಓದಿದವನು. ಹಗಲೆಲ್ಲ ನೂಲಿನ ಗಿರಣಿಯಲ್ಲಿ ಹಾಜರಿ ಪುಸ್ತಕ ನೋಡುವ ಗುಮಾಸ್ತ. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಸ್ವಯಂಸೇವಕ. ಇಂಥವನು ಸಮುದ್ರದ ಪ್ರಾಣಿಗಳ ಕುರಿತು, ಅದರಲ್ಲಿಯೂ ತಳಿಶಾಸ್ತ್ರದ ಕುರಿತು ಮಾತನಾಡಲು ನಿಂತರೆ ತಮಗೆ ನಗು ಬರುವುದು ಸಹಜ. ಕಳೆದ ತಿಂಗಳು ಸಮಿತಿಯವರು "ವಿಜ್ಞಾನದ ಮೇಲೆ ಯಾರಾದರೂ ಹತ್ತು ಮಾತು ಆಡಿ" ಎಂದಾಗ ಎಲ್ಲರೂ ನೆಲ ನೋಡಿದರು. ನಾನು ನೆಲ ನೋಡುವುದು ಸ್ವಲ್ಪ ತಡವಾಯಿತು. ಅದರ ಫಲ ಇದು.

ಆದರೂ ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಅದನ್ನು ಮೊದಲು ಅರಿಕೆ ಮಾಡಿಕೊಂಡುಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಗಿರಣಿಯಲ್ಲಿ ಒಂದೇ ಹೆಸರಿನ ಇಬ್ಬರು ಕೆಲಸಗಾರರಿದ್ದರು. ತಂದೆಯ ಹೆಸರೂ ಒಂದೇ, ತಾಲೂಕೂ ಒಂದೇ. ಒಬ್ಬ ಕಾರ್ಡಿಂಗ್ ಖಾತೆ, ಇನ್ನೊಬ್ಬ ರಿಂಗ್ ಖಾತೆ. ಪಟ್ಟಿಯನ್ನು ಹೊಸದಾಗಿ ಬರೆಯುವಾಗ "ಒಂದೇ ಹೆಸರು ಎರಡು ಸಲ ಬಂದಿದೆ, ಯಾರದೋ ಕೈತಪ್ಪು" ಎಂದುಕೊಂಡು ನಾನು ಒಂದನ್ನು ಹೊಡೆದು ಹಾಕಿದೆ. ಕೂಲಿಯೇನೋ ಟೋಕನ್ ನಂಬರಿನ ಮೇಲೆ ಇಬ್ಬರಿಗೂ ಸರಿಯಾಗಿ ಸಿಗುತ್ತಿತ್ತು. ಪ್ರಾವಿಡೆಂಟ್ ಫಂಡು ಮಾತ್ರ ಇಬ್ಬರದೂ ಒಬ್ಬನ ಖಾತೆಗೇ ಹೋಗತೊಡಗಿತು. ಹನ್ನೊಂದು ತಿಂಗಳ ಮೇಲೆ ಒಬ್ಬ ಮಗಳ ಮದುವೆಗೆಂದು ಫಂಡಿನಿಂದ ಹಣ ಕೇಳಿದಾಗ ಅವನ ಹೆಸರಿನಲ್ಲಿ ಆ ವರ್ಷದ್ದು ಏನೂ ಇರಲಿಲ್ಲ. ಅದು ಸರಿಹೋಗುವುದಕ್ಕೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ಅವನು ನನ್ನನ್ನು ಬೈಯಲಿಲ್ಲ. ಸೋಮವಾರ ಸೋಮವಾರ ಬಂದು ಕಿಟಕಿಯ ಹತ್ತಿರ ಸುಮ್ಮನೆ ನಿಂತು ಹೋಗುತ್ತಿದ್ದ. ಮದುವೆ ಬಡ್ಡಿಯ ಸಾಲದಲ್ಲಿ ನಡೆಯಿತು.

ಆ ಬಳಿಕ ಹೆಸರಿನ ಗೊಂದಲದ ಸುದ್ದಿ ಎಲ್ಲಿ ಕಂಡರೂ ನಿಂತು ಓದುವುದು ನನಗೆ ಅಭ್ಯಾಸವಾಗಿದೆ. ಹಾಗೆ ಓದುತ್ತಿದ್ದಾಗ ಸಿಕ್ಕಿದ್ದು ಈ ಏಡಿಯ ಕಥೆ. ನಾನು ಹನ್ನೊಂದು ತಿಂಗಳು ಮಾಡಿದ ತಪ್ಪನ್ನು ದೊಡ್ಡ ದೊಡ್ಡ ಪಂಡಿತರು ಇನ್ನೂರು ವರ್ಷ ಮಾಡಿದ್ದರು! ಓದಿ ನನಗೆ ಸ್ವಲ್ಪ ಸಮಾಧಾನವಾಯಿತೆಂದು ಸುಳ್ಳಿಲ್ಲದೆ ಹೇಳುತ್ತೇನೆ.

ಏಡಿ ಎಂದರೆ ಯಾವ ಏಡಿ? ಮುಂಬಯಿಯ ಪೇಟೆಯಲ್ಲಿ ಕೊಂಡಿಗಳನ್ನು ಹಗ್ಗದಿಂದ ಬಿಗಿದು ಬುಟ್ಟಿಯಲ್ಲಿ ಜೀವಂತ ಮಾರುತ್ತಾರಲ್ಲ, ಇಲ್ಲಿನವರು ಚಿಂಬೋರಿ ಎನ್ನುವ ಆ ದೊಡ್ಡ ಕೆಸರೇಡಿ. ನಮ್ಮ ತುಳು ಬಂಧುಗಳಿಗೆ ಏಡಿ ಡೆಂಜಿ, ಕೊಂಕಣಿಯವರಿಗೆ ಕುರ್ಲಿ. ಹೊಳೆ ಕಡಲಿಗೆ ಸೇರುವ ಅಳಿವೆಗಳಲ್ಲಿ, ಕಾಂಡ್ಲಾ ಗಿಡಗಳ ಬೇರಿನ ನಡುವೆ, ಕೆಸರಿನಲ್ಲಿ ಬಿಲ ತೋಡಿಕೊಂಡು ಇದು ಬಾಳುತ್ತದೆ. ಕೆಂಪು ಸಮುದ್ರ ಮತ್ತು ಆಫ್ರಿಕದ ಕರಾವಳಿಯಿಂದ ಹಿಡಿದು ನಮ್ಮ ದೇಶ, ಮಲಯ, ಫಿಲಿಪ್ಪೀನ್ಸ್, ಆಸ್ಟ್ರೇಲಿಯಾದವರೆಗೆ ಈ ಬಗೆಯ ಏಡಿಗಳಿವೆ. ನೀರಿನಿಂದ ಎತ್ತಿದ ಮೇಲೂ ತೇವವಿದ್ದರೆ ದಿನಗಟ್ಟಲೆ ಬದುಕಿರುವುದರಿಂದ ಜೀವಂತವಾಗಿಯೇ ಪರದೇಶಕ್ಕೂ ಹೋಗುತ್ತದೆ. ಬೆಲೆಯೂ ಹಾಗೆಯೇ ಇದೆ. ಈ ಏಡಿಗಳಿಗೆಲ್ಲ ಒಂದೇ ಹೆಸರೋ, ಬೇರೆ ಬೇರೆ ಹೆಸರೋ ಎಂಬುದೇ ಜಗಳ.

ಈ ಭಾಷಣಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ನಮ್ಮ ವಾಚನಾಲಯಕ್ಕೆ ಬರುವ ಕುಂದಾಪುರದ ಹಿರಿಯರೊಬ್ಬರು ಬಗ್ಗಿ ನೋಡಿ, "ಇದರಲ್ಲಿ ಏನುಂಟು ಮಾರಾಯ್ರೆ, ಏಡಿ ಎರಡು ಬಗೆ ಅಲ್ಲವಾ? ಒಂದು ಹಸಿರು, ದೊಡ್ಡದಾಗ್ತದೆ, ಇನ್ನೊಂದು ಕಂದು, ಸಣ್ಣದು" ಎಂದುಬಿಟ್ಟರು. ಅವರ ಮಾತನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಪ್ರಾಣಿಗಳಿಗೂ ಗಿಡಗಳಿಗೂ ಎರಡು ಪದದ ಲ್ಯಾಟಿನ್ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವನು ಸ್ವೀಡನ್ನಿನ ಲಿನೇಯಸ್. ಪ್ರಾಣಿಗಳ ಮಟ್ಟಿಗೆ 1758ರ ಅವನ ಪುಸ್ತಕದಿಂದಲೇ ಇಂದಿಗೂ ಲೆಕ್ಕ. ಅವನ ಶಿಷ್ಯರಲ್ಲಿ ಪೀಟರ್ ಫೋರ್ಸ್ಕಾಲ್ ಎಂಬವನೊಬ್ಬ. ಡೆನ್ಮಾರ್ಕಿನ ದೊರೆ 1761ರಲ್ಲಿ ಅರಬ್ ನಾಡಿಗೆ ಕಳಿಸಿದ ಆರು ಜನರ ತಂಡದಲ್ಲಿ ಇವನೂ ಹೋದ. ಕೆಂಪು ಸಮುದ್ರದ ದಡದಲ್ಲಿ ಕಂಡ ಮೀನು, ಏಡಿ, ಹವಳಗಳನ್ನೆಲ್ಲ ಬರೆದಿಟ್ಟ. 1763ರ ಜುಲೈನಲ್ಲಿ ಯೆಮೆನ್ನಿನಲ್ಲಿ ಮಲೇರಿಯಾದಿಂದ ಸತ್ತುಹೋದ, ವಯಸ್ಸು ಮೂವತ್ತೊಂದು. ಉಳಿದವರು ಹಡಗು ಹತ್ತಿ ಎಲ್ಲಿಗೆ ಬಂದರೆಂದು ತಿಳಿದಿದ್ದೀರಿ? ಇದೇ ಮುಂಬಯಿಗೆ. ದಾರಿಯಲ್ಲಿ ಇಬ್ಬರು ಸತ್ತರು, ವೈದ್ಯನು ಮುಂಬಯಿಯಲ್ಲಿ ಸತ್ತ. ಉಳಿದವನು ಕಾರ್ಸ್ಟೆನ್ ನೀಬೂರ್ ಒಬ್ಬನೇ. ಅವನು ಇಲ್ಲಿದ್ದಾಗ ಘಾರಾಪುರಿಯ ಗುಹೆಗಳಿಗೆ ಹೋಗಿ ಅಳತೆ ಮಾಡಿ ಚಿತ್ರ ಬರೆದುಕೊಂಡ. ಊರಿಗೆ ಮರಳಿದ ಮೇಲೆ ಗೆಳೆಯನ ಬರಹಗಳನ್ನು 1775ರಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಕೆಸರೇಡಿಗೆ 'ಸೆರ್ರಾಟಾ' ಎಂಬ ಹೆಸರಿನ ಮೊದಲ ರೂಪವಿದೆ. ಗರಗಸದ ಹಲ್ಲಿನಂಥ ಅಂಚುಳ್ಳದ್ದು ಎಂದು ಅರ್ಥ. ವರ್ಣನೆ ಕೆಲವೇ ಸಾಲು. ಅವನು ನೋಡಿದ ಆ ಏಡಿ ಮುಂದಿನವರಿಗೆ ಸಿಗಲಿಲ್ಲ. ಹೆಸರು ಉಳಿಯಿತು, ಹೆಸರಿನ ಆಸಾಮಿ ಕಾಣೆಯಾದ!

ಆಮೇಲೆ 1796ರಲ್ಲಿ ಹರ್ಬ್ಸ್ಟ್ ಎಂಬ ಜರ್ಮನ್ ಪಂಡಿತ ಒಂದು ಕೆಸರೇಡಿಗೆ 'ಆಲಿವೇಶಿಯಾ' ಎಂದು ಕರೆದ. 1798ರಲ್ಲಿ ಫೆಬ್ರಿಸಿಯಸ್ ಎಂಬ ಡೇನಿಷ್ ಪಂಡಿತ, ಇವನೂ ಲಿನೇಯಸನ ಶಿಷ್ಯನೇ, ಇನ್ನೊಂದಕ್ಕೆ 'ಟ್ರಾಂಕ್ವಿಬಾರಿಕಾ' ಎಂದು ಹೆಸರಿಟ್ಟ. ಟ್ರಾಂಕ್ವಿಬಾರ್ ಎಂದರೆ ತಮಿಳುನಾಡಿನ ತರಂಗಂಬಾಡಿ. ಆಗ ಅದು ಡೇನರ ವಶದಲ್ಲಿತ್ತು. ಹೀಗೆ ನಮ್ಮ ದೇಶದ ಒಂದು ಊರಿನ ಹೆಸರು ಏಡಿಯ ಬೆನ್ನಿಗೆ ಅಂಟಿಕೊಂಡಿತು.

ಮುಂದೆ ಒಂದೂವರೆ ಶತಮಾನ ಗೊಂದಲವೇ. 1949ರಲ್ಲಿ ಫಿಲಿಪ್ಪೀನ್ಸಿನ ಎಸ್ಟಾಂಪಡಾರ್ ಎಂಬವರು ಒಂದು ಕೆಲಸ ಮಾಡಿದರು. ಅಲ್ಲಿನ ಮೀನುಗಾರರು ಏಡಿಗಳಲ್ಲಿ ಬಣ್ಣ, ನಡವಳಿಕೆ ನೋಡಿ ಭೇದ ಮಾಡುತ್ತಿದ್ದರು. ಒಂದನ್ನು 'ಬನ್ಹಾವಿನ್', ಇನ್ನೊಂದನ್ನು 'ಮಾಮೊಸೈನ್' ಎಂದು ಕರೆಯುತ್ತಿದ್ದರು. ಎಸ್ಟಾಂಪಡಾರ್ ಆ ಭೇದವನ್ನು ಒಪ್ಪಿ, ಏಡಿಗಳು ಮೂರು ಪ್ರಭೇದ, ಜೊತೆಗೆ ಒಂದು ಉಪಭೇದ ಎಂದು ಬರೆದರು. ಆ ಉಪಭೇದಕ್ಕೆ ಮೀನುಗಾರರ ಮಾತಿನಿಂದಲೇ 'ಪಾರಾಮಾಮೊಸೈನ್' ಎಂದು ಹೆಸರಿಟ್ಟರು. ಆದರೆ 1960ರಲ್ಲಿ ಆಸ್ಟ್ರೇಲಿಯಾದ ಸ್ಟೀಫನ್ಸನ್ ಮತ್ತು ಕ್ಯಾಂಪ್‌ಬೆಲ್ ಎಂಬ ಇಬ್ಬರು ವಿದ್ವಾಂಸರು, "ಈ ಭೇದಗಳಿಗೆ ಸಾಕಷ್ಟು ಆಧಾರವಿಲ್ಲ, ಸದ್ಯಕ್ಕೆ ಎಲ್ಲವೂ ಒಂದೇ, ಸೆರ್ರಾಟಾ" ಎಂಬ ನಿಲುವಿಗೆ ಬಂದರು. ಅವರದು ಗೌರವದ ಮಾತು, ಬಹಳ ಜನ ಒಪ್ಪಿದರು. ಪಟ್ಟಿಯಲ್ಲಿ ನಾನು ಗೆರೆ ಎಳೆದ ಹಾಗೆಯೇ ಆಯಿತು ನೋಡಿ.

ಅವರನ್ನು ದಡ್ಡರೆನ್ನಬೇಡಿ. ಸಮುದ್ರದ ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಕಣ್ಣಿನಿಂದ ವಿಂಗಡಿಸುವುದು ನಿಜವಾಗಿಯೂ ಕಷ್ಟ. ಏಡಿ, ಸಿಗಡಿ, ಚಿಪ್ಪಿನ ಮೀನು, ಹವಳ, ಲೋಳೆಮೀನು, ಹುಳು ಇವೆಲ್ಲ ಆ ಗುಂಪಿನವು. ಸ್ಪಿರಿಟ್ಟಿನ ಸೀಸೆಗೆ ಹಾಕಿದರೆ ಬಣ್ಣ ಹೋಗುತ್ತದೆ. ಕೆಸರಿನ ಬಣ್ಣಕ್ಕೆ ತಕ್ಕಂತೆ ಮೈಬಣ್ಣವೂ ತುಸು ಬದಲಾಗುತ್ತದೆ. ಮರಿಯಾಗಿದ್ದಾಗ ಒಂದು ರೂಪ, ಬೆಳೆದ ಮೇಲೆ ಇನ್ನೊಂದು. ಎಲ್ಲಕ್ಕಿಂತ ಮಿಗಿಲಾದ ಮಾತೆಂದರೆ, ಇವುಗಳಲ್ಲಿ ಬಹಳಷ್ಟು ತಮ್ಮವರನ್ನು ಗುರುತಿಸುವುದು ಕಣ್ಣಿನಿಂದಲ್ಲ, ನೀರಿನಲ್ಲಿ ಬರುವ ವಾಸನೆಯಿಂದ. ಅವಕ್ಕೆ ಬೇಡವಾದ ಮುಖಲಕ್ಷಣವನ್ನು ನಾವು ಹುಡುಕುತ್ತ ಕೂತರೆ ಹೇಗೆ?

ಇಲ್ಲಿ 'ಪ್ರಭೇದ' ಎಂಬ ಪದವನ್ನು ಸ್ವಲ್ಪ ಬಿಡಿಸಬೇಕು. ಹಳೆಯ ಪುಸ್ತಕಗಳಲ್ಲಿ ಇದಕ್ಕೆ 'ಜಾತಿ' ಎಂದಿದೆ. ಆ ಪದ ಕೇಳಿದೊಡನೆ ನಮ್ಮ ನಡುವಿನ ಜಾತಿ ನೆನಪಿಗೆ ಬರುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮನುಷ್ಯರೆಲ್ಲರೂ ಒಂದೇ ಪ್ರಭೇದ. ಯಾವ ಊರಿನ ಯಾರನ್ನು ಯಾರು ಮದುವೆಯಾದರೂ ಮಕ್ಕಳಾಗುತ್ತವೆ, ಆ ಮಕ್ಕಳಿಗೂ ಮಕ್ಕಳಾಗುತ್ತವೆ. ಹೀಗೆ ತಮ್ಮತಮ್ಮಲ್ಲಿ ಕೂಡಿ ವಂಶ ಮುಂದುವರಿಸುವ ಗುಂಪನ್ನು ಒಂದು ಪ್ರಭೇದವೆಂದು ಹೆಚ್ಚಿನ ಪ್ರಾಣಿಶಾಸ್ತ್ರಜ್ಞರು ಎಣಿಸುತ್ತಾರೆ. ಎರಡು ಗುಂಪು ಒಂದೇ ಕೆಸರಿನಲ್ಲಿ ಬಾಳುತ್ತಿದ್ದೂ ಕೊಡುಕೊಳೆಯ ಸಂಬಂಧ ಇಟ್ಟುಕೊಳ್ಳದಿದ್ದರೆ ಅವು ಎರಡು ಪ್ರಭೇದ.

ಆದರೆ ಏಡಿ ಯಾರೊಡನೆ ಕೂಡಿತೆಂದು ಕೆಸರಿನ ನೀರಿನಲ್ಲಿ ಯಾರು ನೋಡಿದರು? ಇಲ್ಲಿಯೇ ತಳಿಶಾಸ್ತ್ರ ಬೇಕಾಗುವುದು. ನೋಡಬೇಕಾಗಿಲ್ಲ, ಲೆಕ್ಕಪುಸ್ತಕವೇ ಹೇಳುತ್ತದೆ.

ಮೊದಲು ಬಂದ ವಿಧಾನವನ್ನು ಹೇಳುತ್ತೇನೆ. ನಮ್ಮಂಥವರಿಗೆ ಅದೇ ಸುಲಭ. 1960ರ ದಶಕದ ನಡುವಿನಿಂದ ಇದು ಬಳಕೆಗೆ ಬಂದಿತು. ಪ್ರತಿ ಜೀವಿಯ ಮೈಯಲ್ಲಿ ಕಿಣ್ವಗಳೆಂಬ ಪದಾರ್ಥಗಳಿವೆ. ಆಹಾರ ಅರಗಿಸುವುದರಿಂದ ಹಿಡಿದು ಎಲ್ಲ ಕೆಲಸ ನಡೆಸುವವು ಅವೇ. ಒಂದೇ ಕೆಲಸ ಮಾಡುವ ಕಿಣ್ವವೇ ಎರಡು ಪ್ರಾಣಿಗಳಲ್ಲಿ ಕೂದಲೆಳೆಯಷ್ಟು ಬೇರೆಯಾಗಿರಬಹುದು. ಏಡಿಯ ಮಾಂಸದ ಒಂದು ಚೂರನ್ನು ಅರೆದು ರಸ ತೆಗೆಯುತ್ತಾರೆ. ಗಿರಣಿಯಲ್ಲಿ ನೂಲಿಗೆ ಹಾಕುವ ಗಂಜಿಯ ಹಾಗೆ ಪಿಷ್ಟವನ್ನು ಕಾಯಿಸಿ, ಹಲಗೆಯಂತೆ ಹೆಪ್ಪುಗಟ್ಟಿಸಿ, ಅದರ ಒಂದು ಅಂಚಿನಲ್ಲಿ ಈ ರಸವನ್ನಿಟ್ಟು ವಿದ್ಯುತ್ ಹರಿಸುತ್ತಾರೆ. ಒದ್ದೆಯಾದ ಒತ್ತುಕಾಗದದ ಮೇಲೆ ಮಸಿಯ ಬಣ್ಣಗಳು ಬೇರೆ ಬೇರೆ ದೂರ ಓಡುವುದನ್ನು ತಾವು ನೋಡಿದ್ದೀರಿ. ಹಾಗೆಯೇ ಒಂದು ಬಗೆಯ ಕಿಣ್ವ ಬೇಗ ಓಡುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಬಣ್ಣ ಹಾಕಿದರೆ ಪಟ್ಟೆಗಳು ಎದ್ದು ಕಾಣುತ್ತವೆ.

ಈಗ ಯುಕ್ತಿಯನ್ನು ಗಮನಿಸಿ. ಪ್ರತಿ ಏಡಿಗೂ ಈ ಕಿಣ್ವದ ಸೂಚನೆ ಎರಡು ಪ್ರತಿಗಳಲ್ಲಿ ಬರುತ್ತದೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದೇ ಅಳಿವೆಯಿಂದ ನೂರು ಏಡಿ ಹಿಡಿದಿರೆನ್ನೋಣ. ಐವತ್ತರಲ್ಲಿ ಬರೀ ಬೇಗದ ಪಟ್ಟೆ, ಐವತ್ತರಲ್ಲಿ ಬರೀ ನಿಧಾನದ ಪಟ್ಟೆ. ಎಲ್ಲವೂ ಒಂದೇ ಕುಲವಾಗಿದ್ದು ಸಲೀಸಾಗಿ ಕೂಡುತ್ತಿದ್ದರೆ ತಂದೆಯದು ಬೇಗದ್ದು, ತಾಯಿಯದು ನಿಧಾನದ್ದು, ಹೀಗೆ ಎರಡೂ ಪಟ್ಟೆ ಹೊತ್ತ ಏಡಿಗಳು ಸುಮಾರು ಅರ್ಧಕ್ಕರ್ಧ ಸಿಗಬೇಕಿತ್ತು. ನೂರರಲ್ಲಿ ಒಂದೂ ಸಿಗಲಿಲ್ಲವೆಂದರೆ? ಎರಡು ಓಣಿಯವರು ಒಂದೇ ಬಾವಿಯ ನೀರು ಸೇದುತ್ತಾರೆ, ಆದರೆ ನೂರು ವರ್ಷದ ಮದುವೆಯ ಕಾಗದಗಳಲ್ಲಿ ಒಂದು ಬೀಗತನವೂ ಇಲ್ಲ ಎಂದ ಹಾಗೆ. ನೂರು ಏಡಿಯ ಲೆಕ್ಕ ನಾನು ತಿಳಿಸಲೆಂದು ಹೇಳಿದ್ದು. ತತ್ತ್ವ ಮಾತ್ರ ಇದೇ. ಒಂದು ಕಿಣ್ವವನ್ನಲ್ಲ, ಹಲವನ್ನು ಹೀಗೆ ನೋಡುತ್ತಾರೆ.

ಎರಡನೆಯ ವಿಧಾನ ಡಿ.ಎನ್.ಎ. ಓದುವುದು. ಅದರ ಬರಹದಲ್ಲಿ ನಾಲ್ಕೇ ಅಕ್ಷರ. ಆ ಅಕ್ಷರಗಳು ಮೂರು ಮೂರಾಗಿ ಸೇರಿ ಏನು ಹೇಳುತ್ತವೆಂದು ಬಿಡಿಸಿದವರಲ್ಲಿ ನಮ್ಮ ಹರಗೋವಿಂದ ಖೊರಾನಾ ಒಬ್ಬರು. 1968ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದವರು. ಉದ್ದನೆಯ ಬರಹವನ್ನು ಅಕ್ಷರ ಅಕ್ಷರವಾಗಿ ಓದುವ ಸುಲಭ ಉಪಾಯವನ್ನು 1977ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಕೊಟ್ಟರು. ಬೇಕಾದ ತುಣುಕನ್ನು ಮಾತ್ರ ಒಂದಕ್ಕೆರಡು, ಎರಡಕ್ಕೆ ನಾಲ್ಕು ಎಂದು ನಕಲು ತೆಗೆಯುವ ಪಿ.ಸಿ.ಆರ್. ಎಂಬ ಉಪಾಯ 1983ರಲ್ಲಿ ಅಮೆರಿಕದ ಮುಲ್ಲಿಸ್‌ಗೆ ಹೊಳೆಯಿತು. ಮೂವತ್ತು ಸಲ ಇಮ್ಮಡಿಸಿದರೆ ಒಂದು ಪ್ರತಿಯಿಂದ ನೂರೇಳು ಕೋಟಿ ಪ್ರತಿ! ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ನಮಗೆಲ್ಲ ಆ ಹೆಸರು ಪರಿಚಿತವೇ.

2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು, ಎಲ್ಲ ಪ್ರಾಣಿಗಳಲ್ಲಿಯೂ ಇರುವ ಒಂದೇ ವಂಶವಾಹಿಯ ಸುಮಾರು 650 ಅಕ್ಷರಗಳನ್ನು ಓದಿದರೆ ಪ್ರಾಣಿಯ ಗುರುತು ಹಿಡಿಯಬಹುದೆಂದು ಸೂಚಿಸಿದರು. ಅಂಗಡಿಯ ಸಾಮಾನಿನ ಮೇಲಿನ ಕರಿಗೆರೆಗಳ ಹಾಗೆ ಇದಕ್ಕೂ 'ಬಾರ್‌ಕೋಡ್' ಎಂದೇ ಹೆಸರು. ಒಂದೇ ಪ್ರಭೇದದ ಎರಡು ಪ್ರಾಣಿಗಳ ನಡುವೆ ಸಾಮಾನ್ಯವಾಗಿ ಕೆಲವೇ ಅಕ್ಷರ ಬೇರೆ. ಬೇರೆ ಪ್ರಭೇದವಾದರೆ ಹತ್ತಾರು ಅಕ್ಷರ ಬೇರೆ.

ಇನ್ನು ಏಡಿಗೆ ಮರಳೋಣ. ಆಸ್ಟ್ರೇಲಿಯಾದ ಕೀನನ್, ಡೇವಿ, ಮ್ಯಾನ್ ಎಂಬ ಮೂವರು ಕೆಂಪು ಸಮುದ್ರದಿಂದ ಶಾಂತ ಸಾಗರದವರೆಗಿನ ಕೆಸರೇಡಿಗಳನ್ನು ಸಂಗ್ರಹಿಸಿ ಕಿಣ್ವದ ಪಟ್ಟೆ ನೋಡಿದರು, ಡಿ.ಎನ್.ಎ. ಓದಿದರು, ಚಿಪ್ಪಿನ ಅಳತೆಯನ್ನೂ ತೆಗೆದರು. 1998ರಲ್ಲಿ ಅಚ್ಚಾದ ಅವರ ತೀರ್ಪು: ಇವು ನಾಲ್ಕು ಬೇರೆ ಬೇರೆ ಪ್ರಭೇದಗಳು. ಸೆರ್ರಾಟಾ, ಆಲಿವೇಶಿಯಾ, ಟ್ರಾಂಕ್ವಿಬಾರಿಕಾ, ಪಾರಾಮಾಮೊಸೈನ್. ಸೀಸೆಯ ಏಡಿ ನೋಡಿದವರು ಒಂದೆಂದರು. ಬಲೆ ಬೀಸಿದವರು ಮಾಡಿದ ಭೇದವೇ ಕೊನೆಗೆ ನಿಜಕ್ಕೆ ಹತ್ತಿರವಾಯಿತು. ಎಸ್ಟಾಂಪಡಾರ್ 1949ರಲ್ಲಿ ಮೀನುಗಾರರ ಮಾತನ್ನು ಕೇಳಿಸಿಕೊಂಡದ್ದು ವ್ಯರ್ಥವಾಗಲಿಲ್ಲ.

ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ಡಿ.ಎನ್.ಎ. ನಾಲ್ಕು ಗುಂಪು ಎಂದು ಹೇಳಬಲ್ಲದು. ಯಾವ ಗುಂಪಿಗೆ ಯಾವ ಹೆಸರು ಎಂದು ಹೇಳಲಾರದು. ಹೆಸರು ಮೊದಲು ಇಟ್ಟವನಿಗೆ ಸೇರಿದ್ದು. ಫೋರ್ಸ್ಕಾಲ್ ನೋಡಿದ ಏಡಿ ಸಿಗದ ಕಾರಣ, ಅವನು ತಿರುಗಾಡಿದ ಕೆಂಪು ಸಮುದ್ರದಲ್ಲಿ ಯಾವ ಏಡಿ ಇದೆಯೆಂದು ನೋಡಿ, ಅಲ್ಲಿಯದೇ ಒಂದನ್ನು ಇನ್ನು ಮುಂದೆ ಸೆರ್ರಾಟಾ ಎಂದರೆ ಇದು ಎಂದು ಹೊಸ ಮಾದರಿಯಾಗಿ ಇಡಬೇಕಾಯಿತು. ಕಚೇರಿಯಲ್ಲಿ ಮೂಲ ದಾಖಲೆ ಕಳೆದುಹೋದಾಗ ದೃಢೀಕರಿಸಿದ ಪ್ರತಿಯನ್ನು ಮಾಡಿಡುತ್ತಾರಲ್ಲ, ಹಾಗೆ.

ನಮ್ಮ ದೇಶದ ಏಡಿಗಳ ಪಾಡೇನು? ಇಲ್ಲಿನ ಬರಹಗಳಲ್ಲಿ ಬಹುಕಾಲ ದೊಡ್ಡ ಹಸಿರು ಏಡಿಯನ್ನು ಟ್ರಾಂಕ್ವಿಬಾರಿಕಾ ಎಂದೂ ಸಣ್ಣ ಕಂದು ಏಡಿಯನ್ನು ಸೆರ್ರಾಟಾ ಎಂದೂ ಬರೆಯುತ್ತಿದ್ದರು. ತರಂಗಂಬಾಡಿ ನಮ್ಮದೇ ಊರು, ಅಲ್ಲಿಯ ಹೆಸರಿನ ಏಡಿ ನಮ್ಮದೇ ಇರಬೇಕು ಎಂದು ಯಾರಿಗಾದರೂ ತೋರುವ ಹಾಗಿದೆ. 2014ರ ಸುಮಾರಿಗೆ ನಮ್ಮ ದೇಶದ ವಿಜ್ಞಾನಿಗಳು ಕರಾವಳಿಯ ಹಲವು ಕಡೆಯ ಏಡಿಗಳ ಡಿ.ಎನ್.ಎ. ಓದಿ ನೋಡಿದರು. ದೊಡ್ಡ ಹಸಿರಿನದು ಸೆರ್ರಾಟಾ. ಸಣ್ಣ ಕಂದಿನದು ಆಲಿವೇಶಿಯಾ. ಅವರು ನೋಡಿದ ರಾಶಿಯಲ್ಲಿ ತರಂಗಂಬಾಡಿಯ ಹೆಸರು ಹೊತ್ತದ್ದು ಸಿಗಲಿಲ್ಲ. ಅಂದರೆ ಕುಂದಾಪುರದ ಹಿರಿಯರು ಹೇಳಿದ ಎರಡು ಬಗೆ ಸರಿಯಾಗಿತ್ತು; ಪುಸ್ತಕದಲ್ಲಿ ಬರೆದ ಎರಡು ಹೆಸರೂ ತಪ್ಪಾಗಿದ್ದವು. ಒಂದರ ಹೆಸರು ಇನ್ನೊಂದಕ್ಕೆ ಹೋಗಿತ್ತು, ನಮ್ಮ ಪ್ರಾವಿಡೆಂಟ್ ಫಂಡಿನ ಹಾಗೆ.

"ಹೆಸರು ಏನಾದರೇನು, ಸಾರು ಸಾರೇ ಅಲ್ಲವೇ" ಎಂದು ತಾವು ಕೇಳಬಹುದು. ಉಣ್ಣುವವನಿಗೆ ಅಷ್ಟೇ, ಸಾಕುವವನಿಗೆ ಅಲ್ಲ. ಸೆರ್ರಾಟಾ ಎರಡು ಕಿಲೋ ದಾಟಿ ಬೆಳೆಯಬಲ್ಲದು. ಆಲಿವೇಶಿಯಾ ಅಷ್ಟು ಬೆಳೆಯುವುದಿಲ್ಲ, ಸಣ್ಣ ಗಾತ್ರದಲ್ಲಿಯೇ ಪ್ರಾಯಕ್ಕೆ ಬರುತ್ತದೆ. ಕರಾವಳಿಯ ಒಬ್ಬ ಬಡವ ಸಾಲ ಮಾಡಿ ಉಪ್ಪುನೀರಿನ ಕೆರೆ ತೋಡಿಸಿದನೆನ್ನಿ. ಸೆರ್ರಾಟಾ ಇಷ್ಟು ತಿಂಗಳಲ್ಲಿ ಇಷ್ಟು ತೂಕಕ್ಕೆ ಬರುತ್ತದೆಂದು ಆಸ್ಟ್ರೇಲಿಯಾದವರು ಬರೆದದ್ದನ್ನು ಯಾರೋ ಅವನಿಗೆ ಓದಿ ಹೇಳುತ್ತಾರೆ. ಇಲ್ಲಿ ಸೆರ್ರಾಟಾ ಎಂದು ಕರೆಯುತ್ತಿದ್ದುದು ಆ ಸಣ್ಣ ಏಡಿಯನ್ನು! ಅದರ ಮರಿ ತಂದು ಬಿಟ್ಟು, ದಿನವೂ ಮೀನಿನ ಚೂರು ಹಾಕಿ, ದೊಡ್ಡದಾಗುತ್ತದೆಂದು ಕಾದರೆ ಆಗುವುದು ಬಡ್ಡಿ ಮಾತ್ರ. ಇನ್ನು ಇಷ್ಟಕ್ಕಿಂತ ಸಣ್ಣ ಏಡಿಯನ್ನು ಹಿಡಿಯಬಾರದೆಂದು ನಿಯಮ ಮಾಡಬೇಕಾದರೂ ಅಷ್ಟೇ. ಎರಡೂ ಬೇರೆ ಬೇರೆ ಗಾತ್ರದಲ್ಲಿ ಮೊಟ್ಟೆಗೆ ಬರುವುದರಿಂದ ಒಂದೇ ಅಳತೆ ಒಂದಕ್ಕೆ ಸರಿಹೋದರೆ ಇನ್ನೊಂದಕ್ಕೆ ಹೋಗದು.

ಮರಿಗಳ ವಿಷಯ ಇನ್ನೂ ಸೂಕ್ಷ್ಮ. ತಾಯಿ ಏಡಿ ಅಳಿವೆ ಬಿಟ್ಟು ಕಡಲಿಗೆ ಹೋಗಿ ಹತ್ತಾರು ಲಕ್ಷ ಮೊಟ್ಟೆ ಮರಿ ಮಾಡುತ್ತದೆ. ಒಡೆದು ಬಂದ ಮರಿ ಏಡಿಯ ರೂಪದಲ್ಲಿಯೇ ಇರುವುದಿಲ್ಲ. ಐದು ಅವಸ್ಥೆ ದಾಟಿ, ಆರನೆಯದರಲ್ಲಿ ಬಾಲವಿರುವ ಪುಟ್ಟ ಏಡಿಯಂತಾಗಿ, ಆಮೇಲೆ ಏಡಿಯಾಗಬೇಕು. ಆ ಧೂಳಿನಂಥ ಮರಿಯನ್ನು ನೋಡಿ ಇದು ಯಾವ ಪ್ರಭೇದವೆಂದು ಹೇಳಲು ಎಷ್ಟು ವರ್ಷದ ಅನುಭವಿಗೂ ಸಾಧ್ಯವಿಲ್ಲ. ಡಿ.ಎನ್.ಎ. ಹೇಳುತ್ತದೆ. ಪೂರ್ತಿ ಓದುವ ಖರ್ಚೂ ಬೇಕಿಲ್ಲ; ಒಂದು ನಿರ್ದಿಷ್ಟ ಅಕ್ಷರಸಾಲು ಬಂದಲ್ಲಿ ಮಾತ್ರ ಕತ್ತರಿಸುವ ಕಿಣ್ವಗಳಿವೆ. ಆ ಕತ್ತರಿ ಹಾಕಿದರೆ ಒಂದು ಪ್ರಭೇದದ ತುಣುಕುಗಳು ಒಂದು ಅಳತೆಯವು, ಇನ್ನೊಂದರವು ಬೇರೆ ಅಳತೆಯವು. ತುಣುಕಿನ ಉದ್ದ ನೋಡಿದರೆ ಸಾಕು. ತಮಿಳುನಾಡಿನ ಶೀರ್ಕಾಳಿ ಕಡೆ ರಾಜೀವ ಗಾಂಧಿ ಜಲಕೃಷಿ ಕೇಂದ್ರದವರು ಏಡಿಮರಿ ತೆಗೆದು ಸಾಕುವವರಿಗೆ ಕೊಡುವ ಏರ್ಪಾಡು ಮಾಡಿದ್ದಾರೆ. ನಮ್ಮ ಏಡಿಗಳ ಹೆಸರು ಬಿಡಿಸುವ ಕೆಲಸದಲ್ಲಿಯೂ ಅವರ ಪಾಲಿದೆ. ತಮಾಷೆಯೆಂದರೆ ತರಂಗಂಬಾಡಿಯೂ ಅದೇ ಕರಾವಳಿಯಲ್ಲಿ, ಅದೇ ಜಿಲ್ಲೆಯಲ್ಲಿಯೇ ಇದೆ.

ಏಡಿಯೊಂದೇ ಅಲ್ಲ. 1969ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ವೆಸ್ಟ್ ಫಾಲ್ಮತ್ ಎಂಬಲ್ಲಿ ಎಣ್ಣೆಯ ದೋಣಿಯೊಂದು ಬಂಡೆಗೆ ತಾಗಿ ಎಣ್ಣೆ ಚೆಲ್ಲಿತು. ಕೆಸರಿನ ಜೀವಿಗಳೆಲ್ಲ ಸತ್ತಲ್ಲಿ ಕ್ಯಾಪಿಟೆಲ್ಲಾ ಎಂಬ ಸಣ್ಣ ಕೆಂಪು ಹುಳು ಲಕ್ಷಗಟ್ಟಲೆ ಹುಟ್ಟಿತು. ಲೋಕದ ಎಲ್ಲ ಹೊಲಸು ಕೆಸರಿನಲ್ಲಿಯೂ ಇರುವ ಒಂದೇ ಹುಳುವೆಂದು ಅದಕ್ಕೆ ಖ್ಯಾತಿ; ಇದು ಕಂಡರೆ ನೀರು ಕೆಟ್ಟಿದೆಯೆಂದು ತಿಳಿಯುತ್ತಿದ್ದರು. ಜೂಡಿತ್ ಗ್ರಾಸಲ್ ಮತ್ತು ಫ್ರೆಡರಿಕ್ ಗ್ರಾಸಲ್ ದಂಪತಿ ಆ ಹುಳುವಿನ ಕಿಣ್ವದ ಪಟ್ಟೆ ನೋಡಿದರು. 1976ರಲ್ಲಿ ಅವರು ಬರೆದದ್ದು: ಒಂದಲ್ಲ, ಆರು ಪ್ರಭೇದ! ನೋಡಲು ಅವಳಿಜವಳಿ, ಮೊಟ್ಟೆಯ ಗಾತ್ರ ಬೇರೆ, ಮರಿ ಮಾಡುವ ಕಾಲ ಬೇರೆ. ಹುಳು ಕಂಡಿತೆಂದರೆ ಸಾಲದು, ಯಾವ ಹುಳು ಎಂದು ಕೇಳಬೇಕಾಯಿತು.

ಹಾಗೆಂದು ಡಿ.ಎನ್.ಎ.ಯನ್ನು ವೇದವಾಕ್ಯ ಮಾಡುವುದೂ ನನಗೆ ಒಪ್ಪಿಗೆಯಿಲ್ಲ. ಆ 650 ಅಕ್ಷರದ ತುಣುಕು ಸಾಮಾನ್ಯವಾಗಿ ಬರುವುದು ತಾಯಿಯ ಕಡೆಯಿಂದ ಮಾತ್ರ. ತಂದೆ ಬೇರೆ ಪ್ರಭೇದದವನಾಗಿದ್ದರೆ ಅದಕ್ಕೆ ಗೊತ್ತೇ ಆಗದು. ಯೂರೋಪಿನ ಕಡಲತೀರದಲ್ಲಿ ಬಂಡೆಗೆ ಅಂಟುವ ಚಿಪ್ಪಿನ ಮೀನು ಒಂದಕ್ಕಿಂತ ಹೆಚ್ಚು ಪ್ರಭೇದ ಎಂದು ಬೇರ್ಪಡಿಸಿದ್ದಾರೆ. ನಮ್ಮ ಕರಾವಳಿಯ ಪಚ್ಚಿಲೆಯ ದೂರದ ನಂಟರು ಅವು. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಅವುಗಳಲ್ಲಿ ಎರಡು ಧಾರಾಳವಾಗಿ ಕೂಡಿ ಮಿಶ್ರ ಮಕ್ಕಳನ್ನು ಪಡೆದಿವೆ. ಅಲ್ಲಿ ಎಲ್ಲಿಗೆ ಒಂದು ಮುಗಿದು ಎಲ್ಲಿಗೆ ಇನ್ನೊಂದು ಸುರುವಾಗುತ್ತದೆಂದು ಗೆರೆ ಎಳೆಯುವುದು ಸುಲಭವಲ್ಲ. ಇನ್ನೊಂದು ತೊಂದರೆ ಗುಮಾಸ್ತರಿಗೆ ಚೆನ್ನಾಗಿ ತಿಳಿಯುವಂಥದು. ಓದಿದ ಡಿ.ಎನ್.ಎ.ಯನ್ನೆಲ್ಲ ಕಂಪ್ಯೂಟರಿನ ದೊಡ್ಡ ಭಂಡಾರಕ್ಕೆ ಸೇರಿಸುತ್ತಾರೆ. ಮುಂದೆ ಓದಿದವರು ಅದರೊಡನೆ ತಾಳೆ ನೋಡುತ್ತಾರೆ. ಒಬ್ಬ ಕಂದು ಏಡಿಯ ಅಕ್ಷರಗಳನ್ನು ತಪ್ಪು ಹೆಸರಿನಲ್ಲಿ ಜಮೆ ಮಾಡಿದನೋ, ಅವನ ಹಿಂದೆ ಬಂದವರ ಲೆಕ್ಕವೆಲ್ಲ "ತಾಳೆಯಾಯಿತು" ಎಂದೇ ತಪ್ಪುತ್ತದೆ. ಅದಕ್ಕೇ ಏಡಿಯ ಮೈಯನ್ನೂ ಕಾದಿಡಬೇಕು, ಚಿಪ್ಪನ್ನು ನೋಡಬಲ್ಲ ಕಣ್ಣೂ ಬೇಕು. ಪಟ್ಟಿಯಲ್ಲಿನ ಹೆಸರನ್ನು ಕಿಟಕಿಯ ಹತ್ತಿರ ನಿಂತ ಮನುಷ್ಯನ ಮುಖದೊಡನೆ ಒಂದು ಸಲ ಹೊಂದಿಸಿ ನೋಡಿದ್ದರೆ ನನಗೂ ಆ ಏಳು ತಿಂಗಳು ಬರುತ್ತಿರಲಿಲ್ಲ.

ಡಿ.ಎನ್.ಎ. ಗುಂಪುಗಳನ್ನು ಖಚಿತ ಮಾಡಿಕೊಟ್ಟ ಮೇಲೆ ಕಣ್ಣಿಗೂ ಗುರುತು ಸಿಕ್ಕಿದೆ. ಇದನ್ನು ತಾವು ಮನೆಯಲ್ಲಿಯೇ ನೋಡಬಹುದು. ಏಡಿಯ ದೊಡ್ಡ ಕೊಂಡಿಯ ಹಿಂದೆ ಮೊಣಕೈಯಂಥ ಗಿಣ್ಣಿದೆಯಲ್ಲ, ಅದರ ಹೊರಮೈ ನೋಡಿ. ಎರಡು ಮುಳ್ಳು ಸ್ಪಷ್ಟವಾಗಿ ಎದ್ದಿದ್ದು, ಕಾಲುಗಳ ಮೇಲೆಲ್ಲ ಬಲೆಯಂಥ ಚಿತ್ತಾರವಿದ್ದು, ಎರಡು ಕಣ್ಣುಗಳ ನಡುವಿನ ಹಲ್ಲುಗಳು ಎತ್ತರವಾಗಿದ್ದರೆ ಸೆರ್ರಾಟಾ. ಆ ಹೊರಮುಳ್ಳು ಸವೆದಂತೆ ಒಂದೇ ಇದ್ದು, ಕಣ್ಣಿನ ನಡುವಿನ ಹಲ್ಲು ತಗ್ಗಾಗಿ ಗುಂಡಗಿದ್ದು, ಚಿತ್ತಾರವಿಲ್ಲದೆ ಮೈ ಕಂದಾಗಿದ್ದರೆ ಆಲಿವೇಶಿಯಾ. ಹಗ್ಗ ಬಿಚ್ಚುವ ಮುಂಚೆಯೇ ನೋಡಿ. ಕೊಂಡಿಗೆ ಬೆರಳು ಸಿಕ್ಕಿದರೆ ಸಮಿತಿ ಹೊಣೆಯಲ್ಲ.

ಇವತ್ತು ಬೆಳಿಗ್ಗೆ ನಾನೂ ಪೇಟೆಗೆ ಹೋಗಿ ಮೊಣಕೈ ನೋಡಿ ಬಂದೆ. ಮೀನು ಮಾರುವ ಬಾಯಿಯ ಮುಂದೆ ಏಡಿಗಳು ಎರಡು ಬುಟ್ಟಿಯಲ್ಲಿದ್ದವು. ಒಂದರಲ್ಲಿ ನಾನು ಎತ್ತಿ ನೋಡಿದ್ದಕ್ಕೆಲ್ಲ ಎರಡು ಮುಳ್ಳು. ಇನ್ನೊಂದರಲ್ಲಿ ಕಂದು ಮೈ, ಒಂದೇ ಮುಳ್ಳು. ಎರಡು ಬುಟ್ಟಿಗೂ ಬೆಲೆ ಬೇರೆ ಹೇಳಿದಳು. ಯಾಕೆಂದು ಕೇಳಿದೆ. ಇದೇನು ಕೇಳುತ್ತಾನೆ ಎಂಬಂತೆ ನನ್ನ ಮುಖ ನೋಡಿ, "ಇದು ಬೇರೆ, ಅದು ಬೇರೆ, ತಗೋತೀಯೋ ಇಲ್ಲವೋ?" ಎಂದಳು. ಸಂಬಳಕ್ಕೆ ಇನ್ನೂ ಆರು ದಿನವಿತ್ತು. ಕಂದು ಬುಟ್ಟಿಯಿಂದ ಎರಡು ತಂದೆ.